ಎಪ್ಪತ್ತು ವರ್ಷಗಳ ಅನುಭವವನ್ನು ಕೂಡಿಸಿ ಬರೆಯಬೇಡಿ

ಪ್ರಶ್ನೆ: ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಾವು ಐದು ಜನ ಸೇರಿ ಸಣ್ಣದೊಂದು ಜಾಹೀರಾತು ಸಂಸ್ಥೆ ನಡೆಸುತ್ತಿದ್ದೇವೆ. ಹಿರಿಯರೊಬ್ಬರು ಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಇನ್ನೊಬ್ಬರು ಮೊದಲು ಬೋರ್ಡ್ ಬರೆಯುತ್ತಿದ್ದ ಕಲಾವಿದರು. ಈಗ ಹೋರ್ಡಿಂಗ್ ಮತ್ತು ಅಂಗಡಿ ಫಲಕಗಳ ಕೆಲಸ ನೋಡಿಕೊಳ್ಳುತ್ತಾರೆ. ಡಿಟಿಪಿ, ಎಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡಿ ಪ್ರೂಫ್ ನೋಡುವ ಅಕ್ಕ ಒಬ್ಬರಿದ್ದಾರೆ. ಬೆಂಗಳೂರಿನ ಏಜೆನ್ಸಿಯಲ್ಲಿದ್ದು ಊರಿಗೆ ಮರಳಿದ ತರುಣ ಡಿಸೈನ್ ಮಾಡುತ್ತಾನೆ. ಲೆಕ್ಕಪತ್ರ ಮತ್ತು ಗಿರಾಕಿಗಳ ಓಡಾಟ ನನ್ನದು. ಸಂಸ್ಥೆಯ ಪರಿಚಯ ಪುಸ್ತಿಕೆ ಮಾಡಿಸುತ್ತಿದ್ದೇವೆ. 'ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಒಟ್ಟು ಅನುಭವ' ಎಂದು ಬರೆಯೋಣ ಎನ್ನುವುದು ಒಂದು ಸಲಹೆ. ಬೆಂಗಳೂರಿನಿಂದ ಬಂದವನನ್ನೇ ಮೊದಲು ಪರಿಚಯಿಸಿ, ಬೋರ್ಡ್ ಬರೆದ ಸಂಗತಿಯನ್ನು ಬಿಟ್ಟುಬಿಡೋಣ ಎನ್ನುವುದು ಮತ್ತೊಂದು. ತಂಡವನ್ನು ಹೇಗೆ ಪರಿಚಯಿಸಿದರೆ ಜನ ನಂಬುತ್ತಾರೆ?

ಉತ್ತರ: ಆ ಎಪ್ಪತ್ತು ವರ್ಷಗಳ ಸಾಲನ್ನು ಮೊದಲು ತೆಗೆದುಹಾಕಿ. ಐದು ಜನರ ವರ್ಷಗಳನ್ನು ಕೂಡಿಸಿದಾಗ ಬರುವ ಅಂಕಿ ಆ ಐವರಲ್ಲಿ ಯಾರ ಅನುಭವವೂ ಆಗಿರುವುದಿಲ್ಲ. ನಿಮ್ಮ ಪುಸ್ತಿಕೆಯನ್ನು ಕೈಗೆತ್ತಿಕೊಳ್ಳುವವರು ಮಂಡಿಪೇಟೆಯ ವರ್ತಕರಿರಬಹುದು, ಒಂದು ಶಾಲೆಯ ಆಡಳಿತ ಮಂಡಳಿಯವರಿರಬಹುದು, ಹೊಸದಾಗಿ ಆಸ್ಪತ್ರೆ ತೆರೆಯುತ್ತಿರುವ ವೈದ್ಯರಿರಬಹುದು. ನನ್ನ ಕೆಲಸವನ್ನು ಇವರಲ್ಲಿ ಯಾರು ಮಾಡುತ್ತಾರೆ, ಹೆಚ್ಚುಕಡಿಮೆಯಾದರೆ ಯಾರನ್ನು ಕೇಳಬೇಕು, ನನಗೆ ಗೊತ್ತಿಲ್ಲದ ಯಾವ ವಿಷಯ ಇವರಿಗೆ ಗೊತ್ತಿದೆ ಎಂಬುದಷ್ಟೇ ಅವರಿಗೆ ಬೇಕು. ಪರಿಚಯದ ಪ್ರತಿಯೊಂದು ವಾಕ್ಯವೂ ಈ ಮೂರರಲ್ಲಿ ಒಂದಕ್ಕೆ ಉತ್ತರ ಕೊಡಬೇಕು. 'ಸೃಜನಶೀಲ ಮನಸ್ಸುಗಳ ಸಂಗಮ', 'ಗುಣಮಟ್ಟಕ್ಕೆ ಮತ್ತೊಂದು ಹೆಸರು' ಎಂಬಂಥ ಸಾಲುಗಳು ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಅವನ್ನು ಊರಿನ ಯಾವ ಸಂಸ್ಥೆಯ ಪುಸ್ತಿಕೆಗೆ ಅಂಟಿಸಿದರೂ ಅಂಟಿಕೊಳ್ಳುತ್ತವೆ.

ಬೋರ್ಡ್ ಬರೆದ ಕಲಾವಿದರ ಸಂಗತಿಯನ್ನು ಬಿಟ್ಟುಬಿಡುವ ಸಲಹೆ ಓದಿ ನನಗೆ ನಿಜಕ್ಕೂ ನೋವಾಯಿತು. ನಿಮ್ಮ ತಂಡದಲ್ಲಿ ಬೇರೆಯವರ ಬಳಿ ಇಲ್ಲದ ಆಸ್ತಿ ಎಂದರೆ ಅವರೇ. ಯಾಕೆಂದು ಲೆಕ್ಕ ಹಾಕಿ ಹೇಳುತ್ತೇನೆ. ದಾವಣಗೆರೆ ಮತ್ತು ಚಿತ್ರದುರ್ಗದ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಹೋರ್ಡಿಂಗನ್ನು ಓದಿ ಮುಗಿಸಲು ಐದು ಸೆಕೆಂಡ್ ಸಿಗಬೇಕಾದರೆ ಅಕ್ಷರ 110 ಮೀಟರ್ ದೂರದಿಂದಲೇ, ಎಂದರೆ 360 ಅಡಿಯಿಂದಲೇ ಕಾಣಬೇಕು. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎನ್ನುವುದು ಫಲಕ ಬರೆಯುವವರಲ್ಲಿ ರೂಢಿಯಲ್ಲಿರುವ ಅಳತೆ. ಹಾಗಾದರೆ ಅಲ್ಲಿ ಮುಖ್ಯ ಸಾಲಿನ ಅಕ್ಷರ ಮೂರು ಅಡಿ ಎತ್ತರ ಇರಬೇಕು. ಕಂಪ್ಯೂಟರ್ ಪರದೆಯ ಮೇಲೆ ಅಂಗೈಯಗಲದ ಚಿತ್ರವಾಗಿ ಹೋರ್ಡಿಂಗನ್ನು ನೋಡುವವರು ಅದರಲ್ಲಿ ಹತ್ತು ಸಾಲು ತುರುಕುತ್ತಾರೆ. ಏಣಿ ಹತ್ತಿ ಅಕ್ಷರ ಬರೆದವರು ಹಾಗೆ ಮಾಡುವುದಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ಅವರ ಕಣ್ಣು ಇನ್ನೂ ಅಗತ್ಯ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು ಬರುತ್ತದೆ, ಕೆಳಗೆ ಒತ್ತಕ್ಷರ ಬರುತ್ತದೆ, ಕೆಲವು ಕಡೆ ಒತ್ತಿನ ಪಕ್ಕದಲ್ಲಿ ಇನ್ನೊಂದು ಒತ್ತು ಕೂರುತ್ತದೆ. ಇಂಗ್ಲಿಷ್ ಅಕ್ಷರಗಳಿಗೆ ಇಡುವಷ್ಟೇ ಅಂತರವನ್ನು ಎರಡು ಕನ್ನಡ ಸಾಲುಗಳ ನಡುವೆ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದೂರದಿಂದ ನೋಡಿದವರಿಗೆ ಎರಡೂ ಸಾಲು ಒಂದೇ ಗೀಚಾಗಿ ಕಾಣುತ್ತವೆ. ಅಂತರ ಹೆಚ್ಚಿಸಿದರೆ ಅಕ್ಷರದ ಗಾತ್ರ ಕುಗ್ಗುತ್ತದೆ. ಆಗ ಒತ್ತಕ್ಷರ ಕಡಿಮೆ ಇರುವ ಪದ ಹುಡುಕಬೇಕು, ಇಲ್ಲವೇ ಒಂದು ಸಾಲನ್ನೇ ಕೈಬಿಡಬೇಕು. ಬಣ್ಣದ ದಾರ ಎಳೆದು ಗೆರೆ ಹೊಡೆದು, ಗೋಡೆಯ ಮೇಲೆ ಮೊದಲು ಸೀಮೆಸುಣ್ಣದಲ್ಲಿ ಅಕ್ಷರ ಮೂಡಿಸಿ, ಹಿಂದೆ ಸರಿದು ನೋಡಿ, ಮತ್ತೆ ಬಂದು ತಿದ್ದಿ ಬರೆದವರ ಕೈಗೆ ಈ ಲೆಕ್ಕ ಕರಗತವಾಗಿರುತ್ತದೆ. ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಎಂದು 2024ರ ತಿದ್ದುಪಡಿ ಕಾನೂನು ಹೇಳಿದ ಮೇಲಂತೂ ಕನ್ನಡ ಅಕ್ಷರವನ್ನು ದೊಡ್ಡದಾಗಿ, ಚೆಂದವಾಗಿ ಕೂರಿಸಬಲ್ಲವರಿಗೆ ಬೇಡಿಕೆ ಹೆಚ್ಚಬೇಕು.

ಅವರ ಪರಿಚಯವನ್ನು ನಾನಾದರೆ ಹೀಗೆ ಬರೆಯುತ್ತೇನೆ: 'ನಮ್ಮ ಹೊರಾಂಗಣ ಜಾಹೀರಾತುಗಳ ಹೊಣೆ ಇವರದು. ಕಂಪ್ಯೂಟರ್ ಬರುವ ಮೊದಲಿನಿಂದ ಅಂಗಡಿ ಫಲಕ ಮತ್ತು ಗೋಡೆಬರಹಗಳನ್ನು ಕೈಯಿಂದ ಬರೆದವರು. ಯಾವ ಅಕ್ಷರ ಎಷ್ಟು ದೂರದಿಂದ ಓದಲು ಸಿಗುತ್ತದೆ, ಯಾವ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ ಎಂಬುದನ್ನು ಇವರು ನೋಡಿ ಕಲಿತಿದ್ದಾರೆ. ನಿಮ್ಮ ಹೋರ್ಡಿಂಗ್ ನಿಲ್ಲುವ ಜಾಗಕ್ಕೆ ಇವರು ಹೋಗಿಬಂದ ಮೇಲೆಯೇ ಡಿಸೈನ್ ಆರಂಭವಾಗುತ್ತದೆ. ಅಕ್ಷರದ ಅಳತೆಗೆ ಕೊನೆಯ ಒಪ್ಪಿಗೆಯೂ ಇವರದೇ.' ಹೊಗಳಿಕೆಯ ಒಂದು ಪದವೂ ಇದರಲ್ಲಿಲ್ಲ. ಆದರೆ ಓದಿದ ಗಿರಾಕಿಗೆ ಇವರನ್ನು ಭೇಟಿಯಾಗಬೇಕು ಅನ್ನಿಸುತ್ತದೆ. ಕೊನೆಯ ಎರಡು ವಾಕ್ಯಗಳನ್ನು ಮಾತ್ರ ಯೋಚಿಸಿ ಹಾಕಿ. ಅವು ವಾಗ್ದಾನಗಳು. ಹಾಗೆ ನಡೆದುಕೊಳ್ಳಲು ಸಾಧ್ಯವಿಲ್ಲದಿದ್ದರೆ ಬರೆಯಬೇಡಿ.

ಹೊರಾಂಗಣದ ಕೆಲಸದಲ್ಲಿ ಎಲ್ಲಿ ಏನನ್ನು ಹಾಕಬಾರದು ಎಂದು ತಿಳಿದಿರುವುದೂ ಅನುಭವವೇ. ರಾಜ್ಯದಲ್ಲಿ ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ಕಾನೂನು ಇದೆ. 2016ರ ಮಾರ್ಚ್‌ನಲ್ಲಿ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್ ಕೂಡ ಸೇರಿದೆ. ಅನುಮತಿಯಿಲ್ಲದೆ ರಾತ್ರೋರಾತ್ರಿ ಕಟ್ಟಿದ ಫ್ಲೆಕ್ಸನ್ನು ಪಾಲಿಕೆಯವರು ಕಿತ್ತು ಒಯ್ದರೆ ಹಣ ಹೋಗುವುದು ಗಿರಾಕಿಯದು, ಹೆಸರು ಕೆಡುವುದು ನಿಮ್ಮದು. 'ಅನುಮತಿ ಪತ್ರ ಕೈಗೆ ಬರದೆ ನಾವು ಯಾವ ಫಲಕವನ್ನೂ ನಿಲ್ಲಿಸುವುದಿಲ್ಲ' ಎಂಬ ಒಂದು ಸಾಲಿಗೆ ಪುಸ್ತಿಕೆಯಲ್ಲಿ ಜಾಗ ಕೊಡಿ.

ಪತ್ರಿಕೆಯಿಂದ ಬಂದ ಹಿರಿಯರ ಅನುಭವ ಇನ್ನೊಂದು ಬಗೆಯದು. ಜಾಹೀರಾತಿನ ಜಾಗವನ್ನು ಅಳೆಯುವ ಕಾಲಂ ಸೆಂಟಿಮೀಟರ್ ದರ, ಯಾವ ಪುಟಕ್ಕೆ ಎಷ್ಟು ಹೆಚ್ಚು, ಜಾಹೀರಾತು ಪ್ರಕಟಿಸಿ ಎಂದು ಪತ್ರಿಕೆಗೆ ಕಳುಹಿಸುವ ರಿಲೀಸ್ ಆರ್ಡರ್ ಯಾವ ಹೊತ್ತಿನೊಳಗೆ ತಲುಪಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ ಇರುತ್ತದೆ. ಅದನ್ನು ಬರೆಯುವ ಅಗತ್ಯವಿಲ್ಲ. ಆ ವೃತ್ತಿಯವರಿಗೆ ಅದು ಇದ್ದೇ ಇರುತ್ತದೆ ಎಂದು ಜನ ಭಾವಿಸುತ್ತಾರೆ. ಅವರಲ್ಲಿರುವ ಅಪರೂಪದ ತಿಳಿವಳಿಕೆ ಎಂದರೆ ಈ ಸೀಮೆಯಲ್ಲಿ ಯಾರ ಕೈಗೆ ಯಾವಾಗ ಹಣ ಬರುತ್ತದೆ ಎಂಬುದು. ಭದ್ರಾ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಸಿಕ್ಕ ವರ್ಷ ಭತ್ತ ಎರಡು ಬೆಳೆ. ಮಳೆಗಾಲದ ಬೆಳೆಯ ಹಣ ವರ್ಷದ ಕೊನೆಗೆ, ಬೇಸಿಗೆ ಬೆಳೆಯದು ಮುಂಗಾರಿನ ಮೊದಲು ಕೈಸೇರುತ್ತದೆ. ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ ದೀಪಾವಳಿಯ ಆಸುಪಾಸಿನಲ್ಲಿ ಮಾರುಕಟ್ಟೆಗೆ ಬರುತ್ತದೆ. ಚನ್ನಗಿರಿಯ ಕಡೆ ಅಡಿಕೆಯ ಲೆಕ್ಕಾಚಾರವೇ ಬೇರೆ, ಚಳ್ಳಕೆರೆಯ ಶೇಂಗಾದ್ದು ಇನ್ನೂ ಬೇರೆ. ಬೈಕ್ ಶೋರೂಮಿನವರು ಇಡೀ ಜಿಲ್ಲೆಗೆ ಒಂದೇ ದಿನ ಒಂದೇ ಜಾಹೀರಾತು ಕೊಡಲು ಹೊರಟಾಗ, ಚನ್ನಗಿರಿಗೆ ಇದು ಸರಿಯಾದ ತಿಂಗಳು, ಜಗಳೂರಿಗೆ ಅಲ್ಲ, ಆ ದುಡ್ಡನ್ನು ಉಳಿಸಿ ಎಂದು ಹೇಳಬಲ್ಲವರು ಬೇಕು. ಬೆಂಗಳೂರಿನಲ್ಲಿ ಕುಳಿತು ಇಡೀ ರಾಜ್ಯಕ್ಕೆ ಯೋಜನೆ ಹಾಕುವ ದೊಡ್ಡ ಏಜೆನ್ಸಿಗೆ ಇಷ್ಟು ಹತ್ತಿರದ ನೋಟ ಸಿಗುವುದು ಕಷ್ಟ. 'ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಪ್ರತಿ ತಾಲ್ಲೂಕಿನ ಬೆಳೆ, ಸಂತೆ, ಜಾತ್ರೆಗಳ ಕಾಲ ನೋಡಿ ಜಾಹೀರಾತಿನ ದಿನ ನಿಗದಿ ಮಾಡುತ್ತಾರೆ' ಎಂದು ಅವರ ಬಗ್ಗೆ ಬರೆಯಿರಿ. ಹಿಂದೆ ಅವರು ದುಡಿದ ಪತ್ರಿಕೆಯ ಹೆಸರನ್ನು ಒಂದು ಕಡೆ ಹಾಕಿದರೆ ಸಾಕು.

ಅಕ್ಕನ ಬಗ್ಗೆ ನೀವು ಅರ್ಧ ಸಾಲು ಮಾತ್ರ ಬರೆದಿದ್ದೀರಿ. ಡಿಟಿಪಿ ಮಾಡುವ, ಪ್ರೂಫ್ ನೋಡುವ ಹೆಣ್ಣುಮಕ್ಕಳಿಗೆ ನಮ್ಮ ಊರುಗಳಲ್ಲಿ ಯಾವಾಗಲೂ ಇಷ್ಟೇ ಜಾಗ ಸಿಗುತ್ತದೆ ಎಂಬುದು ನನ್ನ ಬಹುಕಾಲದ ಬೇಸರ. ಜಿಲ್ಲಾ ಪತ್ರಿಕೆಗಳಲ್ಲಿ ಬರುವ ಶ್ರದ್ಧಾಂಜಲಿ ಜಾಹೀರಾತನ್ನೇ ತೆಗೆದುಕೊಳ್ಳಿ. ಮನೆಯವರು ದುಃಖದಲ್ಲಿ ಒಂದು ಚೀಟಿಯಲ್ಲಿ ಏನೋ ಗೀಚಿ ಕಳುಹಿಸಿರುತ್ತಾರೆ. ಲಿಂಗಾಯತ ಕುಟುಂಬದವರಾದರೆ 'ಲಿಂಗೈಕ್ಯ', 'ಶಿವಗಣಾರಾಧನೆ' ಎಂದು ಬರಬೇಕು. ಬ್ರಾಹ್ಮಣ ಕುಟುಂಬಕ್ಕೆ 'ವೈಕುಂಠ ಸಮಾರಾಧನೆ' ಎಂದಾಗಬಹುದು. ಮಕ್ಕಳ, ಸೊಸೆಯಂದಿರ, ಅಳಿಯಂದಿರ ಹೆಸರಿನ ಕ್ರಮ ತಪ್ಪಬಾರದು, ತೀರಿಕೊಂಡ ಅಣ್ಣನ ಹೆಸರಿನ ಹಿಂದೆ 'ದಿವಂಗತ' ಬಿಟ್ಟುಹೋಗಬಾರದು, ಬದುಕಿರುವವರ ಹಿಂದೆ ಅದು ಸೇರಬಾರದು. ವಾರ ಮತ್ತು ತಾರೀಖು ತಾಳೆಯಾಗಬೇಕು. ಇದರಲ್ಲಿ ಒಂದು ತಪ್ಪಿದರೂ ಆ ಮನೆಯವರು ಮರೆಯುವುದಿಲ್ಲ, ಮರುದಿನ ತಿದ್ದುಪಡಿ ಹಾಕಿದರೂ ಮನಸ್ಸಿನ ನೋವು ಹೋಗುವುದಿಲ್ಲ. ಇಂಥ ಜಾಹೀರಾತುಗಳನ್ನು ಸಂಜೆಯ ಗಡುವಿನೊಳಗೆ ತಪ್ಪಿಲ್ಲದೆ ಕಳುಹಿಸುತ್ತ ಬಂದವರಿಗಿಂತ ಹೆಚ್ಚಿನ ಅನುಭವಿಗಳನ್ನು ನೀವು ಎಲ್ಲಿ ಹುಡುಕುತ್ತೀರಿ?

ತಾಂತ್ರಿಕವಾದ ಮಾತೂ ಒಂದಿದೆ. ನುಡಿ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ಮೊಬೈಲ್, ಅಂತರ್ಜಾಲಗಳಲ್ಲಿ ಬಳಸುವ ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಕಳಚಿ ಬೀಳುತ್ತದೆ. ಪತ್ರಿಕೆಗೆ ಒಂದು ರೂಪ, ಮೊಬೈಲ್ ಜಾಹೀರಾತಿಗೆ ಇನ್ನೊಂದು ರೂಪ ಬೇಕಾಗುವ ಈ ಕಾಲದಲ್ಲಿ ಎರಡನ್ನೂ ಬಲ್ಲವರು ಕಡಿಮೆ. ಅಕ್ಕನ ಪರಿಚಯದಲ್ಲಿ ಇದು ಬರಲಿ: 'ನಮ್ಮ ಸಂಸ್ಥೆಯಿಂದ ಹೊರಹೋಗುವ ಪ್ರತಿ ಅಕ್ಷರವನ್ನೂ ಇವರು ಓದುತ್ತಾರೆ. ಇವರ ಸಹಿ ಇಲ್ಲದ ಪ್ರೂಫ್ ಅಚ್ಚಿಗೆ ಹೋಗುವುದಿಲ್ಲ.' ಆ ಅಧಿಕಾರವನ್ನು ಅವರಿಗೆ ನಿಜವಾಗಿಯೂ ಕೊಡಿ. ಕೊಟ್ಟ ಮೇಲೆ ಅವರ ಹುದ್ದೆಯ ಹೆಸರು 'ಡಿಟಿಪಿ ಆಪರೇಟರ್' ಎಂದು ಉಳಿಯಬಾರದು.

ಬೆಂಗಳೂರಿನಿಂದ ಮರಳಿದ ತರುಣನನ್ನು ಮುಂದೆ ನಿಲ್ಲಿಸಬೇಕೇ? ಬೆಂಗಳೂರು ಎಂಬ ಕಾರಣಕ್ಕೆ ಬೇಡ. ದಾವಣಗೆರೆಯ ಗಿರಾಕಿ ಅದನ್ನು ಓದಿ, ಹಾಗಾದರೆ ಇವರ ದರ ಹೆಚ್ಚಿರಬಹುದು ಎಂದೋ, ಇವನು ಎಷ್ಟು ದಿನ ಇಲ್ಲಿ ಇರುತ್ತಾನೆ ಎಂದೋ ಯೋಚಿಸುವ ಸಂಭವವೇ ಹೆಚ್ಚು. ಅಲ್ಲಿ ಅವನು ಏನು ಮಾಡಿದ ಎಂಬುದನ್ನು ಬರೆಯಿರಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಸಂಬಳಕ್ಕೆ ದುಡಿಯುವಾಗ ಮಾಡಿದ ಡಿಸೈನಿನ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮೊದಲಿಗೆ ಮಾಲೀಕರಿಗೆ ಸೇರುತ್ತದೆ. ಇದನ್ನು ರಚಿಸಿದವನು ನಾನು ಎಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್ ಅಡಿ ರಚಿಸಿದವನ ಬಳಿಯೇ ಉಳಿಯುತ್ತದೆ. ಆದ್ದರಿಂದ ಹಳೆಯ ಸಂಸ್ಥೆಯ ಕೆಲಸವನ್ನು ನಿಮ್ಮ ಸಂಸ್ಥೆಯ ಕೆಲಸದಂತೆ ಅಚ್ಚು ಹಾಕಿಸಬೇಡಿ. ತೋರಿಸಲೇಬೇಕೆಂದರೆ ಆ ಏಜೆನ್ಸಿಯಿಂದಲೂ ಜಾಹೀರಾತುದಾರರಿಂದಲೂ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಚಿತ್ರದ ಕೆಳಗೆ 'ಹಿಂದಿನ ಸಂಸ್ಥೆಯಲ್ಲಿದ್ದಾಗ ಮಾಡಿದ ವಿನ್ಯಾಸ' ಎಂದು ಸ್ಪಷ್ಟವಾಗಿ ಹಾಕಿ. ಒಪ್ಪಿಗೆ ಸಿಗದಿದ್ದರೆ, ಇಂಥ ಬಗೆಯ ಸರಕುಗಳಿಗೆ ಕೆಲಸ ಮಾಡಿದ್ದಾನೆ ಎಂದು ಮಾತಿನಲ್ಲಿ ಹೇಳಿ ಮುಂದೆ ಹೋಗಿ.

ಅವನಿಗೂ ನಿಮ್ಮ ಬೋರ್ಡ್ ಕಲಾವಿದರಿಗೂ ಇರುವ ಸಂಬಂಧವೇ ನಿಮ್ಮ ಸಂಸ್ಥೆಯ ಅತ್ಯುತ್ತಮ ಪರಿಚಯವಾಗಬಹುದು. 1949ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಡಾಯ್ಲ್ ಡೇನ್ ಬರ್ನ್‌ಬಾಕ್ ಎಂಬ ಏಜೆನ್ಸಿ ಬರಹಗಾರರನ್ನೂ ಚಿತ್ರಕಾರರನ್ನೂ ಜೋಡಿಯಾಗಿ ಕೂರಿಸಿ ಕೆಲಸ ಮಾಡಿಸಿತು. ಅದಕ್ಕೂ ಮೊದಲು ಬರಹಗಾರ ತನ್ನ ಸಾಲು ಬರೆದು ಕಳುಹಿಸುತ್ತಿದ್ದ, ಚಿತ್ರಕಾರ ಇನ್ನೊಂದು ಕೋಣೆಯಲ್ಲಿ ಅದಕ್ಕೊಂದು ಚಿತ್ರ ಹೊಂದಿಸುತ್ತಿದ್ದ. ಜೋಡಿಯಾಗಿ ಕೂರಿಸುವ ಆ ಪದ್ಧತಿ ಮುಂದೆ ಜಗತ್ತಿನ ದೊಡ್ಡ ಏಜೆನ್ಸಿಗಳಿಗೆಲ್ಲ ಹಬ್ಬಿತು. ಐದು ಜನ ಒಂದೇ ಕೋಣೆಯಲ್ಲಿ ಕೂರುವ ನಿಮಗೆ ಅದು ಹುಟ್ಟಿನಿಂದಲೇ ಬಂದಿದೆ. ಹೋರ್ಡಿಂಗಿನ ಡಿಸೈನನ್ನು ತರುಣ ಮಾಡುವಾಗ ಪಕ್ಕದಲ್ಲಿ ನಿಂತು ಈ ಸಾಲು ತೆಗೆ ಎನ್ನುವ ಕಲಾವಿದರು ಇದ್ದಾರೆ, ಆ ಸಾಲಿನ ಕಾಗುಣಿತ ನೋಡುವ ಅಕ್ಕ ಆಚೆ ಮೇಜಿನಲ್ಲಿದ್ದಾರೆ. 'ಸಣ್ಣ ಸಂಸ್ಥೆ' ಎಂಬುದನ್ನು ಮುಚ್ಚಿಡಲು ನೋಡಬೇಡಿ. 'ನಿಮ್ಮೊಡನೆ ಮಾತನಾಡಿದವರೇ ನಿಮ್ಮ ಕೆಲಸವನ್ನೂ ಮಾಡುತ್ತಾರೆ' ಎಂದು ಗಿರಾಕಿಗೆ ಧೈರ್ಯವಾಗಿ ಬರೆಯಿರಿ.

ನಿಮ್ಮ ಬಗ್ಗೆ ನೀವು ಏನೂ ಹೇಳಿಕೊಂಡಿಲ್ಲ. ಹಣಕಾಸು ನೋಡುವವರ ಪರಿಚಯವನ್ನು ಗಿರಾಕಿಗಳು ಬಹಳ ಗಮನವಿಟ್ಟು ಓದುತ್ತಾರೆ. ನಿಮ್ಮ ಸೇವೆಗೆ ಶೇಕಡಾ 18ರ ಜಿಎಸ್‌ಟಿ ಸೇರಿಸಿ ಬಿಲ್ ಕೊಡುತ್ತೀರಿ, ಪತ್ರಿಕೆಯ ದರಪಟ್ಟಿಯನ್ನು ತೋರಿಸುತ್ತೀರಿ, ಪ್ರಕಟವಾದ ಪುಟದ ಪ್ರತಿಯನ್ನು ಬಿಲ್ಲಿನ ಜೊತೆ ಲಗತ್ತಿಸುತ್ತೀರಿ ಎಂಬುದನ್ನೆಲ್ಲ ಬರೆಯಿರಿ. ಪತ್ರಿಕೆಗಳ ಒಕ್ಕೂಟವಾದ ಇಂಡಿಯನ್ ನ್ಯೂಸ್‌ಪೇಪರ್ ಸೊಸೈಟಿ ಏಜೆನ್ಸಿಗಳಿಗೆ ಮಾನ್ಯತೆ ಕೊಡುತ್ತದೆ. ಮಾನ್ಯತೆ ಪಡೆದವರಿಗೆ ಪತ್ರಿಕೆಗಳಿಂದ ಶೇಕಡಾ 15ರ ಕಮಿಷನ್ ಸಿಗುವುದು ಹಳೆಯ ರೂಢಿ. ನಿಮಗೆ ಆ ಮಾನ್ಯತೆ ಇದ್ದರೆ ಬರೆಯಿರಿ. ಇಲ್ಲದಿದ್ದರೆ 'ಮಾನ್ಯತೆ ಪಡೆದ' ಎಂಬ ಪದವನ್ನು ಯಾವ ಅರ್ಥದಲ್ಲೂ ಎಲ್ಲೂ ಬಳಸಬೇಡಿ. ಹಿರಿಯರು ಹಿಂದೆ ದುಡಿದ ಪತ್ರಿಕೆಯ ಗುರುತುಚಿತ್ರವನ್ನು ಹಾಕುವುದೂ ಬೇಡ, ಆ ಪತ್ರಿಕೆ ಈಗಲೂ ನಿಮ್ಮ ಜೊತೆಗಿದೆ ಎಂದು ಓದುವವರು ತಿಳಿಯುತ್ತಾರೆ.

'ಜಿಲ್ಲೆಯ ನಂಬರ್ ಒನ್ ತಂಡ' ಎಂದು ಬರೆಯುವ ಆಸೆ ಯಾರಿಗಾದರೂ ಇದ್ದರೆ ಅದನ್ನೂ ಬಿಡಿಸಿ. 1985ರಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ ಸಂಹಿತೆಯ ಪ್ರಕಾರ ಇಂಥ ಹೇಳಿಕೆಗೆ ಆಧಾರ ತೋರಿಸಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಹಾದಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಇದೇ ಕಾಯ್ದೆಯಡಿ 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿ ಜಾಹೀರಾತು ಏಜೆನ್ಸಿಗಳಿಗೂ ಅನ್ವಯವಾಗುತ್ತದೆ. ಸಕ್ಕರೆ ಕಾಯಿಲೆಯನ್ನು ಬುಡಸಮೇತ ಗುಣಪಡಿಸುತ್ತೇವೆ ಎಂಬ ಔಷಧಿಯ ಜಾಹೀರಾತಿನಂಥವನ್ನು ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕುರಿತ 1954ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಅವು ಏಜೆನ್ಸಿಗಳ ಬಾಗಿಲಿಗೆ ಬರುತ್ತಲೇ ಇರುತ್ತವೆ. ಅವನ್ನು ಕಂಡ ಕೂಡಲೇ ಗುರುತಿಸಿ ಬೇಡ ಎನ್ನಬಲ್ಲ ಹಿರಿಯರು ಇದ್ದಾರೆ ಎಂಬುದು ವೈದ್ಯರಿಗೂ ಆಸ್ಪತ್ರೆಗಳಿಗೂ ದೊಡ್ಡ ಭರವಸೆ. ದಾವಣಗೆರೆಯಂಥ ವೈದ್ಯಕೀಯ ಕಾಲೇಜುಗಳ ಊರಿನಲ್ಲಿ ಇದನ್ನು ಪುಸ್ತಿಕೆಯಲ್ಲಿ ಹೇಳಲೇಬೇಕು.

ಯಾರು ಮೊದಲು, ಯಾರು ಕೊನೆಗೆ ಎಂಬ ಚರ್ಚೆಗೆ ಸುಲಭ ಪರಿಹಾರವಿದೆ. ಗಿರಾಕಿಯ ಕೆಲಸ ಯಾವ ಕ್ರಮದಲ್ಲಿ ಒಬ್ಬರಿಂದ ಒಬ್ಬರಿಗೆ ಸಾಗುತ್ತದೋ ಅದೇ ಕ್ರಮದಲ್ಲಿ ಪರಿಚಯಿಸಿ. ಮೊದಲು ಮಾತನಾಡಿಸುವ ನೀವು, ಎಲ್ಲಿ ಯಾವಾಗ ಎಂದು ಹೇಳುವ ಹಿರಿಯರು, ನಂತರ ತರುಣ ಮತ್ತು ಕಲಾವಿದರು, ಕೊನೆಗೆ ಪ್ರೂಫ್ ನೋಡುವ ಅಕ್ಕ. ಹೀಗೆ ಮಾಡಿದರೆ ದೊಡ್ಡವರು ಸಣ್ಣವರು ಎಂಬ ಮಾತೇ ಬರುವುದಿಲ್ಲ, ಓದುವವರಿಗೂ ನಿಮ್ಮ ಕಚೇರಿಯಲ್ಲಿ ಕೆಲಸ ನಡೆಯುವ ರೀತಿ ತಿಳಿಯುತ್ತದೆ.

ಫೋಟೊಗಳನ್ನು ಸ್ಟುಡಿಯೊದ ನೀಲಿ ಪರದೆಯ ಮುಂದೆ ತೆಗೆಸಬೇಡಿ, ಅವರವರು ಕೆಲಸ ಮಾಡುವ ಜಾಗದಲ್ಲಿ ಹಗಲು ಬೆಳಕಿನಲ್ಲಿ ತೆಗೆಸಿ. ಎಂಟು ಸೆಂಟಿಮೀಟರ್ ಅಗಲ ಅಚ್ಚಾಗಬೇಕಾದ ಚಿತ್ರಕ್ಕೆ ಅಡ್ಡಲಾಗಿ ಸುಮಾರು 950 ಪಿಕ್ಸೆಲ್ ಬೇಕು. ವಾಟ್ಸ್ಆಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಗುಣಮಟ್ಟ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿ. ನಡುವೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರುತ್ತವೆ. ನಿಮಗೆ ಎಂಟು ಪುಟ ಸಾಕು, ಅದರಲ್ಲಿ ತಂಡಕ್ಕೆ ನಡುವಿನ ಎರಡು ಪುಟ ಇಡಿ. ತೆರೆದಾಗ ಐವರೂ ಒಟ್ಟಿಗೆ ಕಾಣಬೇಕು. ಪರಿಚಯವನ್ನು ಮೊದಲು ಕನ್ನಡದಲ್ಲೇ ಬರೆಯಿರಿ. ಹೊರಗಿನ ಕಂಪನಿಗಳಿಗೆ ಇಂಗ್ಲಿಷ್ ಪ್ರತಿ ಬೇಕಾದರೆ ಅದನ್ನು ಬೇರೆಯಾಗಿ ಸಿದ್ಧಪಡಿಸಿ. ಒಂದೇ ಪುಟದಲ್ಲಿ ಎರಡೂ ಭಾಷೆ ತುಂಬಿದರೆ ಕಲಾವಿದರ ಅಕ್ಷರಜ್ಞಾನ ನಿಮ್ಮ ಪುಸ್ತಿಕೆಯಲ್ಲೇ ಕಾಣದಂತಾಗುತ್ತದೆ.

ಅಚ್ಚಿಗೆ ಕೊಡುವ ಮೊದಲು ಪ್ರತಿಯೊಬ್ಬರೂ ತಮ್ಮ ಬಗ್ಗೆ ಬರೆದದ್ದನ್ನು ಓದಿ ಪಕ್ಕದಲ್ಲಿ ಸಹಿ ಹಾಕಲಿ. ಹೆಸರು, ಚಿತ್ರ, ಹಿಂದಿನ ಕೆಲಸ ಎಲ್ಲವೂ ಅವರದು. ಅವರ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಕಲಾವಿದರು 'ಬೋರ್ಡ್ ಬರೆದದ್ದು ಬೇಡ' ಎಂದರೆ ಈ ಉತ್ತರವನ್ನು ಅವರಿಗೆ ಓದಲು ಕೊಡಿ, ಆದರೂ ಬೇಡವೆಂದರೆ ಅವರ ಮಾತೇ ಕೊನೆ. ಸಾವಿರ ಪ್ರತಿ ಅಗ್ಗವಾಗುತ್ತದೆ ಎಂದು ಪ್ರೆಸ್ಸಿನವರು ಹೇಳಿದರೂ ಮೊದಲಿಗೆ ಕಡಿಮೆ ಪ್ರತಿಗಳನ್ನೇ ಹಾಕಿಸಿ. ತಂಡದಿಂದ ಯಾರಾದರೂ ಹೊರಟರೆ ಆ ದಿನದಿಂದ ಹಳೆಯ ಪುಸ್ತಿಕೆಯನ್ನು ಯಾರಿಗೂ ಕೊಡಬಾರದು.